17 ವರ್ಷ ಹೊಲಿದವರಿಗೂ ಹೊಸಬರಿಗೂ ಸಂಬಳದಲ್ಲಿ 400 ರೂಪಾಯಿ ವ್ಯತ್ಯಾಸ. ಯಾಕೆ ಹೀಗೆ?

ಪ್ರಶ್ನೆ ಕೇಳಿದವರು: ಸವಿತಾ, ಪೀಣ್ಯ

ಎಲ್ಲರಿಗೂ ನಮಸ್ಕಾರ. ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. 2008ರಲ್ಲಿ ಹೆಲ್ಪರ್ ಆಗಿ ಸೇರಿದೆ. ದಾರ ಕತ್ತರಿಸುವುದು, ಬಂಡಲ್ ಎತ್ತಿಕೊಡುವುದು ಮಾಡುತ್ತಾ ಊಟದ ಬಿಡುವಿನಲ್ಲಿ ಮಷಿನ್ ಕಲಿತೆ. ಈಗ ಶರ್ಟಿನ ಕಾಲರ್ ನನ್ನ ಕೆಲಸ. ಯಾರಾದರೂ ರಜೆ ಹಾಕಿದರೆ ಕಫ್, ಪಾಕೆಟ್, ತೋಳು ಕೂಡಿಸುವುದು, ಯಾವುದಕ್ಕಾದರೂ ನನ್ನನ್ನೇ ಕೂರಿಸುತ್ತಾರೆ. ಕಾಲರ್ ತುದಿ ಸರಿಯಾಗಿ ಬರದಿದ್ದರೆ ಇಡೀ ಶರ್ಟ್ ವಾಪಸ್ ಬರುತ್ತದೆ. ಅದು ಎಲ್ಲರ ಕೈಗೂ ಕೂರುವ ಕೆಲಸ ಅಲ್ಲ.

ಮೇ 2025ರ ಸ್ಲಿಪ್ ನನ್ನ ಮುಂದೆ ಇದೆ. ಬೇಸಿಕ್ (ಮೂಲ ಸಂಬಳ), ಡಿಎ (ತುಟ್ಟಿಭತ್ಯೆ) ಸೇರಿ 14,000. ಪಿಎಫ್ (ಭವಿಷ್ಯ ನಿಧಿ) 1,680, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) 105 ಹೋಗಿ ಕೈಗೆ 12,215. ನನ್ನ ಪಕ್ಕದ ಮಷಿನ್‌ನಲ್ಲಿ ಒಡಿಶಾದ ಹುಡುಗಿ ಒಬ್ಬಳಿದ್ದಾಳೆ. ತರಬೇತಿ ಮುಗಿಸಿ ಬಂದು ಕೆಲವೇ ತಿಂಗಳು. ಅವಳ ಸ್ಲಿಪ್‌ನಲ್ಲಿ 13,600. ಅವಳ ಮೇಲೆ ನನಗೆ ಬೇಜಾರಿಲ್ಲ. ಊರು ಬಿಟ್ಟು ಹಾಸ್ಟೆಲ್‌ನಲ್ಲಿ ಇದ್ದು ದುಡಿಯುವ ಮಗು. ಅವಳಿಗೂ ಅದು ಸಾಲುವುದಿಲ್ಲ. ಆದರೆ ನಾನು ಇಷ್ಟು ವರ್ಷ ಕಲಿತದ್ದಕ್ಕೆ ಬೆಲೆ ತಿಂಗಳಿಗೆ 400 ರೂಪಾಯಿ ಮಾತ್ರನಾ?

ನನ್ನ ವಿಷಯ ಪೂರ್ತಿ ಹೇಳಿಬಿಡುತ್ತೇನೆ. ಇದು ನನ್ನ ಮೂರನೇ ಫ್ಯಾಕ್ಟರಿ. ಮೊದಲನೆಯದು ಬಾಗಿಲು ಹಾಕಿತು. ಎರಡನೆಯದನ್ನು ಅಮ್ಮನಿಗೆ ಹುಷಾರಿಲ್ಲ ಅಂತ ಬಿಟ್ಟೆ. ಆಗ ಪಿಎಫ್ ತೆಗೆದು ಆಸ್ಪತ್ರೆಗೆ ಕಟ್ಟಿದೆವು. ಇಲ್ಲಿ 2019ರ ಶುರುವಿನಿಂದ ಇದ್ದೇನೆ. ಯಜಮಾನರು ಪೇಂಟಿಂಗ್ ಕೆಲಸ ಮಾಡುತ್ತಾರೆ. ಮಳೆಗಾಲದಲ್ಲಿ ಕೆಲಸ ಕಡಿಮೆ. ಮನೆ ಬಾಡಿಗೆ 6,500. ಮಗಳು ಬಿ.ಕಾಂ. ಎರಡನೇ ವರ್ಷ.

ಲೈನಿನಲ್ಲಿ ಎಲ್ಲರೂ ಹೇಳುವುದು ಒಂದೇ: ‘ಟೈಲರ್‌ಗಳೇ ಸಿಗ್ತಿಲ್ಲ’. ಗೇಟಿನ ಹೊರಗೆ ಯಾವಾಗಲೂ ‘ಟೈಲರ್ ಬೇಕಾಗಿದ್ದಾರೆ’ ಬೋರ್ಡ್ ಇರುತ್ತದೆ. ಜನ ಸಿಗುತ್ತಿಲ್ಲ ಅಂದರೆ ಸಂಬಳ ಜಾಸ್ತಿ ಆಗಬೇಕಲ್ವಾ? ಅದು ಯಾಕೆ ಆಗುತ್ತಿಲ್ಲ? ಬೇರೆ ಫ್ಯಾಕ್ಟರಿಗೆ ಹೋದರೆ ಏನಾದರೂ ಲಾಭ ಇದೆಯಾ? ನನ್ನ ತವರು ಕುಣಿಗಲ್ ಕಡೆ. ಊರಲ್ಲೇ ಇದ್ದುಕೊಂಡು ಹತ್ತಿರದ ಗಾರ್ಮೆಂಟ್ಸ್‌ಗೆ ಹೋಗು ಅಂತ ಅಣ್ಣ ಹೇಳುತ್ತಿದ್ದಾರೆ. ತಿಳಿದವರು ಹೇಳಿ.

*

ಉತ್ತರ 1: ಮಂಜುನಾಥ್, ಐಇ (ಕೆಲಸದ ಸಮಯ ಅಳೆಯುವ) ವಿಭಾಗ

ಸವಿತಾ ಅವರೇ, ನಾನು ಸ್ಟಾಪ್‌ವಾಚ್ ಹಿಡಿದು ಲೈನಿನಲ್ಲಿ ನಿಲ್ಲುವ ಗುಂಪಿನವನು. ನಮ್ಮನ್ನು ಕಂಡರೆ ನಿಮಗೆಲ್ಲ ಕೋಪ ಅಂತ ಗೊತ್ತು. ಆದರೂ ಲೆಕ್ಕ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ.

ಆರ್ಡರ್ ಬರುವ ಮೊದಲೇ ಒಂದು ಶರ್ಟಿಗೆ ಎಷ್ಟು ನಿಮಿಷದ ಕೆಲಸ ಅಂತ ಲೆಕ್ಕ ಹಾಕುತ್ತೇವೆ. ಅದಕ್ಕೆ ಸ್ಯಾಮ್ ಅನ್ನುತ್ತೇವೆ. ಆ ನಿಮಿಷಗಳನ್ನು ಫ್ಯಾಕ್ಟರಿಯ ಒಂದು ನಿಮಿಷದ ಖರ್ಚಿಗೆ ಗುಣಿಸಿ ಬಯರ್‌ಗೆ (ಬಟ್ಟೆ ಕೊಳ್ಳುವ ಬ್ರಾಂಡ್‌ಗೆ) ಬೆಲೆ ಹೇಳುತ್ತಾರೆ. ಆ ಖರ್ಚಿನಲ್ಲಿ ಕೂಲಿ ಅಂತ ಹಾಕುವುದು ಸರ್ಕಾರದ ಕನಿಷ್ಠ ವೇತನ, ಜೊತೆಗೆ ಪಿಎಫ್, ಇಎಸ್‌ಐ, ಬೋನಸ್. ಕಾಲರ್ ಹಾಕುವವರು ಹೊಸಬರಾ, 17 ವರ್ಷದವರಾ ಅನ್ನುವುದಕ್ಕೆ ಆ ಲೆಕ್ಕದಲ್ಲಿ ಜಾಗವೇ ಇಲ್ಲ. ಅದೇ ಶರ್ಟಿಗೆ ಬಾಂಗ್ಲಾದೇಶದ ಫ್ಯಾಕ್ಟರಿಯೂ ಬೆಲೆ ಹೇಳಿರುತ್ತದೆ. ಅಲ್ಲಿ 2023ರ ಡಿಸೆಂಬರ್‌ನಿಂದ ಕನಿಷ್ಠ ವೇತನ 12,500 ಟಾಕಾ. ಅದೂ ದೊಡ್ಡ ಹೋರಾಟ ಆದ ಮೇಲೆ ಬಂದದ್ದು. ಬಯರ್ ಎರಡೂ ಬೆಲೆ ಎದುರಿಗಿಟ್ಟುಕೊಂಡು ಮಾತಾಡುತ್ತಾರೆ.

ನಿಮ್ಮಂಥವರ ಕೈ ವೇಗದಿಂದ ಲೈನ್ ಬೇಗ ಓಡುತ್ತದೆ. ಅದರ ಲಾಭ ನಿಮ್ಮ ಸಂಬಳಕ್ಕೆ ಬರುವುದಿಲ್ಲ. ಗಂಟೆಯ ಟಾರ್ಗೆಟ್ಟಿಗೆ ಹೋಗುತ್ತದೆ. ಇವತ್ತು 60 ಪೀಸ್ ಕೊಟ್ಟರೆ ಮುಂದಿನ ಸ್ಟೈಲಿಗೆ 65 ಬರೆಯುತ್ತಾರೆ. ನಾನೇ ಬರೆದಿದ್ದೇನೆ. ಅದು ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ.

ಒಂದು ಸಲಹೆ. ನಾಲ್ಕೈದು ಆಪರೇಶನ್ (ಕಾಲರ್, ಕಫ್‌ನಂಥ ಬೇರೆ ಬೇರೆ ಹೊಲಿಗೆ ಕೆಲಸ) ಬರುವವರಿಗೆ ಕೆಲವು ಫ್ಯಾಕ್ಟರಿಗಳಲ್ಲಿ ಬೇರೆ ಗ್ರೇಡ್ ಇದೆ. ನಿಮ್ಮ ಗ್ರೇಡ್ ಯಾವುದು ಅಂತ ಎಚ್‌ಆರ್‌ಗೆ ಬರವಣಿಗೆಯಲ್ಲೇ ಕೇಳಿ. ಸ್ಕಿಲ್ ಚಾರ್ಟ್‌ನಲ್ಲಿ ನಿಮ್ಮ ಹೆಸರಿನ ಮುಂದೆ ಎಲ್ಲ ಆಪರೇಶನ್ ಬರೆದಿದ್ದಾರಾ ನೋಡಿ.

*

ಉತ್ತರ 2: ರತ್ನಮ್ಮ, ಬೊಮ್ಮನಹಳ್ಳಿ

ಸವಿತಾ, ನಾನು ನಿಮಗಿಂತ ದೊಡ್ಡವಳು. ಹೊಸೂರು ರಸ್ತೆಯ ಫ್ಯಾಕ್ಟರಿಗಳಲ್ಲಿ ಟೈಲರ್ ಆಗಿದ್ದೆ. ಈಗ ಯೂನಿಯನ್ ಕೆಲಸ ಮಾಡುತ್ತೇನೆ. ನೀವು ಕೇಳಿದ ಪ್ರಶ್ನೆಯನ್ನೇ ಹೆಂಗಸರು ಸ್ಲಿಪ್ ಹಿಡಿದುಕೊಂಡು ಬಂದು ನನ್ನ ಹತ್ತಿರ ಕೇಳುತ್ತಾರೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಕನಿಷ್ಠ ವೇತನ ಅಂದರೆ ಇದಕ್ಕಿಂತ ಕೆಳಗೆ ಇಳಿಯಬಾರದು ಅಂತ ಸರ್ಕಾರ ಹಾಕಿದ ಗೆರೆ. ನಮ್ಮ ಕೆಲಸದಲ್ಲಿ ಅದೇ ಮೇಲಿನ ಗೆರೆಯೂ ಆಗಿಬಿಟ್ಟಿದೆ. ಪೀಣ್ಯದಲ್ಲಿ ಕೇಳಿ, ಮೈಸೂರು ರಸ್ತೆಯಲ್ಲಿ ಕೇಳಿ, ಬೊಮ್ಮನಹಳ್ಳಿಯಲ್ಲಿ ಕೇಳಿ. ಎಲ್ಲ ಕಡೆ ಅದೇ ಅಂಕಿ, ನೂರಿನ್ನೂರು ಆಚೆ ಈಚೆ. ಸರ್ಕಾರದ ಪಟ್ಟಿಯಲ್ಲೇ ಕೌಶಲದ ಕೆಲಸಕ್ಕೂ ಹೆಲ್ಪರ್ ಕೆಲಸಕ್ಕೂ ವ್ಯತ್ಯಾಸ ಬಹಳ ಸಣ್ಣದು. ನಿಮ್ಮ ಸಂಬಳ ಏರುವುದು ವರ್ಷಕ್ಕೆ ಒಂದು ಸಲ, ಏಪ್ರಿಲ್‌ನಲ್ಲಿ ಡಿಎ ಬಂದಾಗ. ಅದೂ ಬೆಲೆ ಏರಿದ್ದಕ್ಕೆ ಕೊಡುವುದು. ನಿಮ್ಮ ಅನುಭವಕ್ಕೆ ಅಲ್ಲ. ಹೊಸಬರಿಗೂ ಅಷ್ಟೇ ಏರುತ್ತದೆ. ಹಾಗಾಗಿ 17 ವರ್ಷ ಕಳೆದರೂ ಅಂತರ ಅಷ್ಟೇ ಉಳಿಯುತ್ತದೆ.

ಟೈಲರ್ ಸಿಗುತ್ತಿಲ್ಲ ಅನ್ನುವುದು ನಿಜ. ಆದರೆ ಕಂಪನಿಗಳು ಅದಕ್ಕೆ ಬೇರೆ ದಾರಿ ಹುಡುಕಿಕೊಂಡಿವೆ. ಒಡಿಶಾ, ಜಾರ್ಖಂಡ್‌ನಿಂದ ಹುಡುಗಿಯರನ್ನು ಕರೆತಂದು ಹಾಸ್ಟೆಲ್‌ನಲ್ಲಿ ಇಡುತ್ತವೆ. ಇಲ್ಲ ಅಂದರೆ ಫ್ಯಾಕ್ಟರಿಯನ್ನೇ ರಾಮನಗರ, ಮಂಡ್ಯ, ಹಾಸನ, ತುಮಕೂರು ಕಡೆ ತೆಗೆದುಕೊಂಡು ಹೋಗುತ್ತವೆ. ಅದೂ ಆಗದಿದ್ದರೆ ಜಾಯ್ನಿಂಗ್ ಬೋನಸ್, ಅಟೆಂಡೆನ್ಸ್ ಬೋನಸ್ ಕೊಡುತ್ತವೆ. ಅದು ಇವತ್ತು ಇರುತ್ತದೆ, ನಾಳೆ ಇರುವುದಿಲ್ಲ. ಒಂದು ದಿನ ಮಗುವಿಗೆ ಜ್ವರ ಅಂತ ರಜೆ ಹಾಕಿದರೆ ತಿಂಗಳ ಅಟೆಂಡೆನ್ಸ್ ಬೋನಸ್ ಪೂರ್ತಿ ಹೋಯಿತು. ಬೇಸಿಕ್ ಏರಿಸಿದರೆ ಪಿಎಫ್, ಗ್ರಾಚ್ಯುಟಿ (ಕೆಲಸ ಬಿಡುವಾಗ ಸರ್ವಿಸ್‌ಗೆ ಕೊಡುವ ಹಣ), ಓಟಿ (ಹೆಚ್ಚುವರಿ ಗಂಟೆಗಳ ಸಂಬಳ) ಎಲ್ಲವೂ ಏರುತ್ತದೆ. ಅದಕ್ಕೇ ಬೇಸಿಕ್ ಒಂದನ್ನು ಬಿಟ್ಟು ಬೇರೆ ಏನು ಬೇಕಾದರೂ ಕೊಡುತ್ತಾರೆ.

ಇನ್ನೊಂದು ಕಾರಣ ನಮ್ಮ ಬದುಕಿನಲ್ಲೇ ಇದೆ. ಬೆಳಗ್ಗೆ ಅಡುಗೆ ಮಾಡಿ, ಮಕ್ಕಳನ್ನು ಕಳಿಸಿ, ಒಂಬತ್ತರೊಳಗೆ ಮಷಿನ್ ಮೇಲೆ ಕೂರಬೇಕು. ದೂರದ ಫ್ಯಾಕ್ಟರಿಯಲ್ಲಿ 300 ರೂಪಾಯಿ ಜಾಸ್ತಿ ಕೊಟ್ಟರೂ ಹೋಗಲು ಆಗುವುದಿಲ್ಲ. ಇದು ಮ್ಯಾನೇಜರ್‌ಗೂ ಗೊತ್ತು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಬಸ್ ಖರ್ಚು ಉಳಿಯಿತು. ನಮ್ಮ ಕೈಗೆ ಸಿಕ್ಕ ದೊಡ್ಡ ಸಂಬಳ ಏರಿಕೆ ಅದೇ ಅನ್ನುತ್ತೇನೆ. ಅದನ್ನು ಕೊಟ್ಟದ್ದು ಕಂಪನಿ ಅಲ್ಲ. ಸಮಯ ಮಾತ್ರ ಉಳಿಯಲಿಲ್ಲ. ಪೀಣ್ಯದಿಂದ ಬೊಮ್ಮನಹಳ್ಳಿಗೆ ಬಸ್ಸು ಪುಕ್ಕಟೆ ಆದರೂ ಟ್ರಾಫಿಕ್ ಅದೇ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿಮ್ಮ ನಿಜವಾದ ಗಳಿಕೆ ಆ 12,215ರಲ್ಲಿ ಮಾತ್ರ ಇಲ್ಲ. ಬಿಟ್ಟು ಹೋದಾಗ ಕಳೆದುಹೋಗುವ ಹಣ ಬಹಳ ಇದೆ. ನೋಡಿ.

ಗ್ರಾಚ್ಯುಟಿಗೆ ಕೊನೆಯ ಬೇಸಿಕ್ ಮತ್ತು ಡಿಎಯನ್ನು 26ರಿಂದ ಭಾಗಿಸಿ 15ರಿಂದ ಗುಣಿಸಬೇಕು. ನಿಮಗೆ ವರ್ಷಕ್ಕೆ 8,077 ರೂಪಾಯಿ. 2019ರ ಶುರುವಿನಿಂದ ಇದ್ದೀರಿ ಅಂದರೆ ಆರು ವರ್ಷಕ್ಕೆ 48,000 ದಾಟುತ್ತದೆ. ಐದು ವರ್ಷ ತುಂಬಿದೆ, ಹಾಗಾಗಿ ಅದು ನಿಮ್ಮ ಹಕ್ಕು. ಆದರೆ ಇಲ್ಲೇ ಇದ್ದರೆ, ಮುಂದೆ ಸಂಬಳ 18,000 ಆದಾಗ, ಹಿಂದಿನ ಎಲ್ಲ ವರ್ಷಕ್ಕೂ 18,000ದ ಲೆಕ್ಕವೇ ಹಿಡಿಯುತ್ತಾರೆ. ಬಿಟ್ಟರೆ ಹೊಸ ಜಾಗದಲ್ಲಿ ಮತ್ತೆ ಒಂದರಿಂದ ಶುರು, ಮತ್ತೆ ಐದು ವರ್ಷ ಕಾಯಬೇಕು. ಮಗಳ ಮದುವೆ, ಸೀಟು, ಸಾಲ ಅಂತ ಐದು ವರ್ಷಕ್ಕೊಮ್ಮೆ ಕೆಲಸ ಬಿಟ್ಟು ಗ್ರಾಚ್ಯುಟಿ, ಪಿಎಫ್ ತೆಗೆಯುವುದು ನಮ್ಮಲ್ಲಿ ಮನೆಮನೆಯ ಕಥೆ. ಸಂಬಳ ಸಾಲದವರಿಗೆ ಬೇರೆ ದಾರಿ ಇರಲಿಲ್ಲ. ಆದರೆ ಇದರಿಂದ ಕಂಪನಿಗೆ ಹಳಬರು ಹೊಸಬರಾಗಿ ಸಿಗುತ್ತಾರೆ. ಸೀನಿಯಾರಿಟಿ ಕೇಳುವವರು ಉಳಿಯುವುದಿಲ್ಲ.

ಪಿಎಫ್‌ನಲ್ಲಿ ಕಂಪನಿ ಕಟ್ಟುವ 12 ಪರ್ಸೆಂಟ್‌ನಲ್ಲಿ 8.33 ಪೆನ್ಶನ್‌ಗೆ ಹೋಗುತ್ತದೆ. ಆ ಪೆನ್ಶನ್ ಬರಬೇಕಾದರೆ 10 ವರ್ಷದ ಸರ್ವಿಸ್ ಬೇಕು. ಕೆಲಸ ಬಿಟ್ಟು ಪೂರ್ತಿ ಹಣ ತೆಗೆದರೆ ಆ ಸರ್ವಿಸ್ ಅಳಿಸಿಹೋಗುತ್ತದೆ. ಯುಎಎನ್ (ಪಿಎಫ್ ಖಾತೆಯ ನಂಬರ್) ಒಂದೇ ಇಟ್ಟುಕೊಂಡು ಹೊಸ ಕಂಪನಿಗೆ ಟ್ರಾನ್ಸ್‌ಫರ್ ಮಾಡಿಸಿದರೆ ಕೂಡುತ್ತಾ ಹೋಗುತ್ತದೆ. ಸವಿತಾ, ನಿಮಗೆ 2019ರಿಂದ ಲೆಕ್ಕ. ಇನ್ನು ನಾಲ್ಕು ವರ್ಷ ತೆಗೆಯದೆ ಉಳಿಸಿಕೊಂಡರೆ ಪೆನ್ಶನ್ ಗಟ್ಟಿ. ತುರ್ತು ಬಂದರೆ ಅಡ್ವಾನ್ಸ್ ತೆಗೆಯಿರಿ. ಫಾರ್ಮ್ 10ಸಿ ಹಾಕಿ ಪೆನ್ಶನ್ ಹಣ ಮಾತ್ರ ಮುಟ್ಟಬೇಡಿ.

ಪಿಎಫ್ ವಿಷಯ ಬಂದಾಗ 2016ರ ಏಪ್ರಿಲ್ ನೆನಪಾಗುತ್ತದೆ. ಕಂಪನಿ ಪಾಲಿನ ಪಿಎಫ್ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಹೊಸೂರು ರಸ್ತೆಗೆ ಸಾವಿರಾರು ಹೆಂಗಸರು ಇಳಿದೆವು. ಯಾವ ಯೂನಿಯನ್ನೂ ಕರೆದಿರಲಿಲ್ಲ. ಒಂದು ಫ್ಯಾಕ್ಟರಿಯವರು ಹೊರಗೆ ಬಂದರು ಅಂತ ಕೇಳಿ ಇನ್ನೊಂದರವರು ಬಂದರು. ಎರಡನೇ ದಿನವೇ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ದೆಹಲಿಯಲ್ಲಿ ಕೂತವರಿಗೆ ನಮ್ಮ ಪಿಎಫ್ ಅಂದರೆ ಮುಪ್ಪಿನ ಹಣ. ನಮಗೆ ಅದು ಆಸ್ಪತ್ರೆ, ಸ್ಕೂಲು, ಬಾಡಿಗೆ ಅಡ್ವಾನ್ಸ್. ಸಂಬಳವೇ ಸಾಲದಿದ್ದಾಗ ಉಳಿತಾಯ ಎಲ್ಲಿಂದ ಬರಬೇಕು?

ಡಿಎ ವಿಷಯವೂ ತಿಳಿದುಕೊಳ್ಳಿ. 2020ರ ಏಪ್ರಿಲ್‌ನಿಂದ ತಿಂಗಳಿಗೆ 417 ರೂಪಾಯಿ ಡಿಎ ಬರಬೇಕಿತ್ತು. ಕೊರೊನಾ ಕಾರಣ ಹೇಳಿ ರಾಜ್ಯ ಸರ್ಕಾರ ಮುಂದೂಡಿತು. ಹೈಕೋರ್ಟ್ ಕೊಡಬೇಕು ಅಂದಮೇಲೂ ಫ್ಯಾಕ್ಟರಿಗಳು ಕೊಡಲಿಲ್ಲ. 417 ಏನು ಮಹಾ ಅಂತ ಕೆಲವರು ಸುಮ್ಮನಾದರು. ವರ್ಷಕ್ಕೆ 5,000 ಅದು. ಅದರ ಮೇಲೆ ಪಿಎಫ್, ಓಟಿ, ಬೋನಸ್ ಎಲ್ಲವೂ ಲೆಕ್ಕ ಆಗಬೇಕಿತ್ತು. ರಾಜ್ಯದ ಲಕ್ಷಗಟ್ಟಲೆ ಕಾರ್ಮಿಕರ ಹಣ. ಯೂನಿಯನ್‌ಗಳು ಬಿಡಲಿಲ್ಲ, ಹೊರದೇಶದಿಂದ ಬ್ರಾಂಡ್‌ಗಳ ಮೇಲೂ ಒತ್ತಡ ಬಿತ್ತು. 2022ರಲ್ಲಿ ದೊಡ್ಡ ಕಂಪನಿಗಳು ಬಾಕಿ ಕೊಡಲು ಒಪ್ಪಿದವು. ಕೇಳಿದ್ದಕ್ಕೆ ಬಂತು. ಆ ಹೊತ್ತಿಗೆ ಕೆಲಸ ಬಿಟ್ಟವರಿಗೆ ಸುದ್ದಿಯೇ ಮುಟ್ಟಿರಲಿಲ್ಲ. ನಮ್ಮವರು ಹಳ್ಳಿಗಳಿಗೆ ಫೋನ್ ಮಾಡಿ ಮಾಡಿ ಹೇಳಬೇಕಾಯಿತು.

ಹಾಗಾದರೆ ಎಷ್ಟು ಇರಬೇಕು? ಅದಕ್ಕೂ ಹಳೇ ಲೆಕ್ಕ ಇದೆ. 1957ರ ಕಾರ್ಮಿಕ ಸಮ್ಮೇಳನದಲ್ಲಿ ಒಪ್ಪಿದ ಅಳತೆ: ಮೂರು ಪಾಲಿನ ಕುಟುಂಬ (ಗಂಡ, ಹೆಂಡತಿ, ಮಕ್ಕಳನ್ನು ಮೂರು ದೊಡ್ಡವರ ಲೆಕ್ಕಕ್ಕೆ ತಂದದ್ದು), ಪಾಲಿಗೆ ದಿನಕ್ಕೆ 2,700 ಕ್ಯಾಲರಿ ಊಟ, ವರ್ಷಕ್ಕೆ ಮನೆಗೆ 72 ಗಜ ಬಟ್ಟೆ, ಬಾಡಿಗೆ, ಸೌದೆ, ದೀಪ. 1991ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಮಕ್ಕಳ ಓದು, ಆಸ್ಪತ್ರೆ, ಹಬ್ಬ, ಮುಪ್ಪು, ಮದುವೆ ಅಂತ ಶೇ. 25 ಸೇರಿಸಬೇಕು ಅಂದಿತು. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಕನಿಷ್ಠ ವೇತನದ ಕರಡಿನಲ್ಲಿ ಬೆಂಗಳೂರಿನ ವಲಯಕ್ಕೆ ಕೌಶಲ ಬೇಡದ ಕೆಲಸಕ್ಕೇ ತಿಂಗಳಿಗೆ 23,376 ರೂಪಾಯಿ ಹಾಕಿದ್ದರು. ಮಾಲೀಕರ ಸಂಘಗಳು ಬೇಡ ಅಂದವು. ಅದು ಜಾರಿ ಆಗಲೇಬೇಕು ಅಂತ ನಾವು ಪಟ್ಟು ಹಿಡಿದೆವು. ಒಬ್ಬ ಮ್ಯಾನೇಜರ್ ಒಬ್ಬ ಟೈಲರ್‌ಗೆ ಸಂಬಳ ಏರಿಸುವ ಪದ್ಧತಿ ನಮ್ಮಲ್ಲಿ ಇಲ್ಲ. ಏರಿದರೆ ಎಲ್ಲರಿಗೂ ಪಟ್ಟಿಯಿಂದಲೇ ಏರಬೇಕು. ಅದಕ್ಕೇ ಆ ಕರಡು ನಮಗೆ ಅಷ್ಟು ಮುಖ್ಯ ಆಗಿತ್ತು.

*

ಉತ್ತರ 3: ಭಾಗ್ಯ, ಮದ್ದೂರು

ಅಕ್ಕ, ಊರಿನ ಫ್ಯಾಕ್ಟರಿ ಬಗ್ಗೆ ನಾನು ಹೇಳುತ್ತೇನೆ. ನಾನು ಬೆಂಗಳೂರಿನಲ್ಲಿ ಕೆಲಸ ಮಾಡಿ ಮದುವೆ ಆದಮೇಲೆ ಇಲ್ಲಿಗೆ ಬಂದೆ. ನಮ್ಮ ವಲಯದ ರೇಟ್ ಕಡಿಮೆ. ಅದೇ ಶರ್ಟ್, ಅದೇ ಬ್ರಾಂಡ್, ಅದೇ ಮಷಿನ್. ಕೈಗೆ ಬರುವುದು ನಿಮಗಿಂತ ಸಾವಿರ ಚಿಲ್ಲರೆ ಕಡಿಮೆ.

ಆದರೆ ಬಾಡಿಗೆ ಇಲ್ಲ. ರಾಗಿ ಮನೆಯದು. ಅತ್ತೆ ಮಗು ನೋಡಿಕೊಳ್ಳುತ್ತಾರೆ. ತಿಂಗಳ ಕೊನೆಗೆ ಉಳಿಯುವುದು ಬೆಂಗಳೂರಿಗಿಂತ ಜಾಸ್ತಿಯೇ. ನಿಮ್ಮ 6,500 ಬಾಡಿಗೆ ಉಳಿದರೆ ಲೆಕ್ಕ ಬೇರೆ ಆಗುತ್ತದೆ ಅಕ್ಕ.

ಕಷ್ಟ ಏನು ಅಂದರೆ ಇಲ್ಲಿ ನಮ್ಮ ಕಡೆಗೆ ವ್ಯಾನ್ ಕಳಿಸುವ ಫ್ಯಾಕ್ಟರಿ ಒಂದೇ. ಬೆಂಗಳೂರಿನಲ್ಲಿ ಸೂಪರ್‌ವೈಸರ್ ಬೈದರೆ ಎದುರಿನ ಗೇಟಿಗೆ ಹೋಗಿ ನಿಲ್ಲಬಹುದಿತ್ತು. ಇಲ್ಲಿ ಹಾಗಿಲ್ಲ. ಬಿಟ್ಟರೆ ಕಬ್ಬಿನ ಗದ್ದೆ, ಕಳೆ ಕೀಳುವ ಕೆಲಸ. ಸುಗ್ಗಿಯಲ್ಲಿ ಗದ್ದೆ ಕೂಲಿ ಫ್ಯಾಕ್ಟರಿಯಷ್ಟೇ ಬರುತ್ತದೆ, ಆದರೆ ವರ್ಷವಿಡೀ ಸಿಗುವುದಿಲ್ಲ. ಪಿಎಫ್, ಇಎಸ್‌ಐ ಇಲ್ಲ. ಅದಕ್ಕೇ ಬೈಗುಳ ಕೇಳಿಕೊಂಡು ಇರುತ್ತೇವೆ. ಓಟಿ ಕೇಳಲು ಎಲ್ಲರಿಗೂ ಭಯ. ವ್ಯಾನ್‌ನವನು ಕೂಡ ಸೂಪರ್‌ವೈಸರ್ ಊರಿನವನೇ.

ಇನ್ನೊಂದು. ಮಗಳು ಬಿ.ಕಾಂ. ಓದುತ್ತಿದ್ದಾಳೆ ಅಂದಿರಿ. ಅವಳ ಡಿಗ್ರಿ ಮುಗಿಯುವವರೆಗೆ ಬೆಂಗಳೂರು ಬಿಡಬೇಡಿ ಅನ್ನುತ್ತೇನೆ. ಆಮೇಲೆ ಕುಣಿಗಲ್ ವಿಷಯ ನೋಡಬಹುದು.

*

ಸವಿತಾ, ಪೀಣ್ಯ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗ್ರಾಚ್ಯುಟಿ ಲೆಕ್ಕ ಹೀಗೆ ಅಂತ ಇವತ್ತೇ ಗೊತ್ತಾಗಿದ್ದು. ಈ ಕೆಲಸ ಸದ್ಯಕ್ಕೆ ಬಿಡುವುದಿಲ್ಲ. ಭಾಗ್ಯ, ನೀವು ಹೇಳಿದ್ದು ಸರಿ, ಮಗಳ ಓದು ಮುಗಿಯಲಿ.

ರತ್ನಮ್ಮ, ಇನ್ನೊಂದು ಕೇಳಬೇಕಿತ್ತು. ಆರ್ಡರ್ ಇಲ್ಲದಾಗ ನಮ್ಮನ್ನು ಮಧ್ಯಾಹ್ನವೇ ಮನೆಗೆ ಕಳಿಸುತ್ತಾರೆ, ಇಲ್ಲ ಅಂದರೆ ‘ನಾಳೆ ಬರಬೇಡಿ’ ಅನ್ನುತ್ತಾರೆ. ಆಮೇಲೆ ಶಿಪ್‌ಮೆಂಟ್ ಬಂದಾಗ ಅದಕ್ಕೆ ಬದಲು ಭಾನುವಾರ ಕರೆಸುತ್ತಾರೆ. ಸಿ-ಆಫ್ ಅನ್ನುತ್ತಾರೆ. ಓಟಿ ಕೊಡುವುದಿಲ್ಲ. ಹೋದ ತಿಂಗಳ ರಜೆಗೆ ಈ ತಿಂಗಳ ಭಾನುವಾರ. ಇದು ಸರಿಯಾ?

*

ರತ್ನಮ್ಮ, ಬೊಮ್ಮನಹಳ್ಳಿ

ಸರಿ ಅಲ್ಲ ಸವಿತಾ. ಭಾನುವಾರದ ರಜೆ ಬದಲಾಯಿಸಬಹುದು ಅಂತ 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ಫ್ಯಾಕ್ಟರಿ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತಿತ್ತು. ಆದರೆ ಬದಲಿ ರಜೆ ಆ ಭಾನುವಾರದ ಹಿಂದಿನ ಮೂರು ದಿನ ಅಥವಾ ಮುಂದಿನ ಮೂರು ದಿನದ ಒಳಗೇ ಇರಬೇಕಿತ್ತು. ಮೊದಲೇ ನೋಟಿಸ್ ಬೋರ್ಡ್‌ನಲ್ಲಿ ಹಾಕಬೇಕಿತ್ತು, ಇನ್‌ಸ್ಪೆಕ್ಟರ್‌ಗೂ ತಿಳಿಸಬೇಕಿತ್ತು. ಹೋದ ತಿಂಗಳ ರಜೆಗೆ ಈ ತಿಂಗಳ ಭಾನುವಾರ ಅನ್ನುವುದು ಆ ಸೆಕ್ಷನ್‌ನಲ್ಲಿ ಬರುತ್ತಿರಲಿಲ್ಲ.

ಆರ್ಡರ್ ಇಲ್ಲ ಅಂತ ಕಂಪನಿಯೇ ಬರಬೇಡಿ ಅಂದರೆ ಅದು ಲೇ-ಆಫ್. ಆ ದಿನಕ್ಕೆ ಬೇಸಿಕ್ ಮತ್ತು ಡಿಎಯ ಅರ್ಧ ಕೊಡಬೇಕು. ವಾರದಲ್ಲಿ 48 ಗಂಟೆ ದಾಟಿದ ಕೆಲಸಕ್ಕೆ ಎರಡು ಪಟ್ಟು ಕೊಡಬೇಕು. ನಿಮ್ಮ 14,000ವನ್ನು 26ರಿಂದ ಭಾಗಿಸಿ: ದಿನಕ್ಕೆ 538. ಎಂಟು ಗಂಟೆಗೆ ಹಂಚಿದರೆ ಗಂಟೆಗೆ 67. ಓಟಿ ಅಂದರೆ ಗಂಟೆಗೆ ಸುಮಾರು 134 ರೂಪಾಯಿ. ವಾರವಿಡೀ ದುಡಿದು ಭಾನುವಾರವೂ ಎಂಟು ಗಂಟೆ ಕೂತರೆ 1,077. ತಿಂಗಳಿಗೆ ಅಂಥ ಎರಡು ಭಾನುವಾರ ಇದ್ದರೆ ನಿಮ್ಮ ಕೈಗೆ ಬರಬೇಕಾದ್ದು ಎಷ್ಟು ಅಂತ ನೀವೇ ಕೂಡಿಸಿ. ಸೀನಿಯಾರಿಟಿಗೆ ಸಿಗುವ 400ಕ್ಕಿಂತ ಎಷ್ಟೋ ಪಾಲು ದೊಡ್ಡ ಹಣ ಇಲ್ಲಿ ಹೋಗುತ್ತಿದೆ.

ಇವತ್ತಿನಿಂದಲೇ ಒಂದು ನೋಟ್‌ಬುಕ್ ಇಡಿ. ಯಾವ ದಿನ ಮನೆಗೆ ಕಳಿಸಿದರು, ಎಷ್ಟು ಗಂಟೆಗೆ, ಯಾವ ಭಾನುವಾರ ಕರೆಸಿದರು, ಎಷ್ಟು ಗಂಟೆಗೆ ಬಿಟ್ಟರು ಎಲ್ಲ ಬರೆಯಿರಿ. ಪಂಚಿಂಗ್ ಲೆಕ್ಕದ ಜೊತೆ ಹೋಲಿಸಿ ನೋಡಿ. ಸ್ಲಿಪ್‌ಗಳನ್ನು ಒಂದೂ ಎಸೆಯಬೇಡಿ. ಒಬ್ಬರೇ ಹೋಗಿ ಎಚ್‌ಆರ್ ಹತ್ತಿರ ಕೇಳಬೇಡಿ. ಮಾರನೇ ದಿನವೇ ಕಷ್ಟದ ಆಪರೇಶನ್‌ಗೆ ಕೂರಿಸುತ್ತಾರೆ. ಲೈನಿನಲ್ಲಿ ಹತ್ತು ಹದಿನೈದು ಜನ ಸಹಿ ಹಾಕಿ ಕೊಡಿ, ನಕಲಿನ ಮೇಲೆ ಸೀಲ್ ಹಾಕಿಸಿಕೊಳ್ಳಿ. ಒಡಿಶಾದ ಆ ಹುಡುಗಿಯನ್ನೂ ಸೇರಿಸಿಕೊಳ್ಳಿ. ಹಾಸ್ಟೆಲ್ ಹುಡುಗಿಯರ ಭಾನುವಾರವನ್ನೇ ಮೊದಲು ಕಿತ್ತುಕೊಳ್ಳುವುದು. ಅವರ ಕಡೆಯಿಂದ ಕೇಳುವವರು ಯಾರೂ ಇಲ್ಲ. ಕನ್ನಡ ಬರದಿದ್ದರೆ ಹಿಂದಿಯಲ್ಲಿ ಯಾರಿಂದಲಾದರೂ ಹೇಳಿಸಿ.

ಕಂಪನಿ ಉತ್ತರ ಕೊಡದಿದ್ದರೆ ಕಾರ್ಖಾನೆಗಳ ಇಲಾಖೆಗೆ ದೂರು ಕೊಡಬಹುದು. ಅರ್ಜಿ ಬರೆಯಲು ನಾನು ಸಹಾಯ ಮಾಡುತ್ತೇನೆ. ಮೊದಲು ನಿಮ್ಮ ನೋಟ್‌ಬುಕ್ ಒಂದು ತಿಂಗಳು ತುಂಬಲಿ. ಆಮೇಲೆ ಇಲ್ಲೇ ಬರೆಯಿರಿ.